52ರಲ್ಲಿ 27 ಕಳೆದರೆ ಮೂರು ಉತ್ತರ

ಶಾಲೆಯ ನೋಟ್‌ಬುಕ್ಕಿನಲ್ಲಿ 35. ಮನೆಯಿಂದ ಮಾಡಿಕೊಂಡು ಬಂದ ಹೋಂವರ್ಕಿನಲ್ಲಿ 15. ಬಾಯಲ್ಲಿ ಕೇಳಿದರೆ 25. ಲೆಕ್ಕ ಒಂದೇ, 52ರಲ್ಲಿ 27 ಕಳೆಯುವುದು. ಮಾಡಿದವಳೂ ಒಬ್ಬಳೇ, ನಾಲ್ಕನೇ ತರಗತಿಯ ಹುಡುಗಿ. ಇಲ್ಲಿ ಅವಳನ್ನು ಪುಟ್ಟಿ ಎಂದು ಕರೆಯುತ್ತೇನೆ.

ಮೈಸೂರಿನ ಹೊರವಲಯದ ಒಂದು ಸರ್ಕಾರಿ ಶಾಲೆ. ನಾನು ಅಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಪುಟ್ಟಿ ಬಗ್ಗೆ ನನಗೆ ಮೊದಲು ಸಿಕ್ಕ ಮಾಹಿತಿ ಇಷ್ಟೇ: ‘ಗಮನ ಕಡಿಮೆ, ಅಭ್ಯಾಸ ಬೇಕು.’ ಮನೆಯವರೂ ಅದನ್ನೇ ಹೇಳಿದರು. “ಬುದ್ಧಿ ಇದೆ ಮಿಸ್, ಆದ್ರೆ ಮನಸ್ಸಿಟ್ಟು ಮಾಡಲ್ಲ” ಅಂತ ಅವಳ ತಾಯಿ. ಗಮನ ಇಲ್ಲದೆ ಆಗುವ ತಪ್ಪು ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಕೂಡುವ ಲೆಕ್ಕದಲ್ಲೂ ಬೀಳಬೇಕು, ಸುಲಭದ ಲೆಕ್ಕದಲ್ಲೂ ಬೀಳಬೇಕು. ಇವಳದ್ದು ಹಾಗಿರಲಿಲ್ಲ.

ದಶಕ ಬೇಡದ ಲೆಕ್ಕಗಳೆಲ್ಲ ಸರಿ ಇದ್ದವು. 58 − 23, 76 − 41, ಯಾವುದೂ ತಪ್ಪಿಲ್ಲ. ದಶಕ ತೆಗೆದುಕೊಳ್ಳಬೇಕಾದ ಕಡೆ ಮಾತ್ರ ಎಡವಟ್ಟು. ಅದರಲ್ಲೂ ಎರಡು ಬಗೆ. ಕ್ಲಾಸಿನಲ್ಲಿ ಮಾಡಿದವು ಹೀಗಿದ್ದವು: 74 − 38 = 44, 81 − 46 = 45. ಬಿಡಿ ಸ್ಥಾನದಲ್ಲಿ ಮೇಲಿನದು ಯಾವುದು, ಕೆಳಗಿನದು ಯಾವುದು ಅಂತ ನೋಡದೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾಳೆ. ಹೋಂವರ್ಕಿನಲ್ಲಿ ಬೇರೆ ಕಥೆ: 63 − 28 = 25, 90 − 34 = 46. ಇವು ಸರಿ ಉತ್ತರಕ್ಕಿಂತ ಹತ್ತು ಕಡಿಮೆ. ಯಾವ ಲೆಕ್ಕ ತೆಗೆದುಕೊಂಡರೂ ಹತ್ತೇ ಕಡಿಮೆ.

ಇಂಥ ತಪ್ಪುಗಳ ಹಿಂದೆ ಒಂದು ನಿಯಮ ಇರುತ್ತದೆ ಅನ್ನೋದು ಹೊಸ ಮಾತೇನಲ್ಲ. 1978ರಲ್ಲೇ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನು ಕಂಪ್ಯೂಟರ್ ಪ್ರೋಗ್ರಾಮಿನ ‘ಬಗ್’ಗಳೆಂದು, ಅಂದರೆ ಒಳಗೆ ಅಡಗಿದ ದೋಷಗಳೆಂದು ಕರೆದು, ಒಂದೊಂದನ್ನೂ ಬಿಡಿಸಿ ತೋರಿಸಿದ್ದರು. ಮಗು ತನ್ನದೇ ಒಂದು ವಿಧಾನವನ್ನು ಚಾಚೂ ತಪ್ಪದೆ ಪಾಲಿಸುತ್ತಿರುತ್ತದೆ. ವಿಧಾನವೇ ತಪ್ಪಾಗಿರುತ್ತದೆ. ಅಂಥ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟು ‘ಅಭ್ಯಾಸ ಮಾಡು’ ಅಂದರೆ ತಪ್ಪು ವಿಧಾನಕ್ಕೇ ಅಭ್ಯಾಸ ಆಗುತ್ತದೆ, ಅಲ್ವಾ?

ಆದ್ದರಿಂದ ಪಕ್ಕದಲ್ಲಿ ಕೂರಿಸಿಕೊಂಡು, ಮಾಡುತ್ತಾ ಮಾಡುತ್ತಾ ಹೇಳು ಅಂದೆ. ಬೈಯುವ ದನಿಯಲ್ಲಿ ಕೇಳಿದರೆ ಮಕ್ಕಳು ತಕ್ಷಣ ರಬ್ಬರ್ ಹುಡುಕುತ್ತಾರೆ. ಹಾಗಾಗಿ ಸರಿ ಮಾಡಿದ ಲೆಕ್ಕದಿಂದಲೇ ಶುರು ಮಾಡಿದೆ. ಆಮೇಲೆ 52 − 27.

“ಎರಡರಲ್ಲಿ ಏಳು ಹೋಗಲ್ಲ ಮಿಸ್. ದೊಡ್ಡದರಲ್ಲಿ ಚಿಕ್ಕದು ಕಳೀಬೇಕು. ಅದಕ್ಕೆ ಏಳರಲ್ಲಿ ಎರಡು ಕಳೆದೆ.”

ಒಂದು, ಎರಡನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟ ಮಾತು ಅದು. ಆಗಿನ ಲೆಕ್ಕಗಳಿಗೆ ಸರಿಯಾಗಿಯೇ ಇತ್ತು. ಎರಡು ಅಂಕಿಯ ಸಂಖ್ಯೆ ಬಂದ ಮೇಲೂ ಅವಳು ಅದನ್ನು ಒಂದೊಂದು ಅಂಕಿಗೆ ಹಚ್ಚಿದ್ದಾಳೆ.

ಮನೆಯ ಲೆಕ್ಕ ತೋರಿಸಿ ‘ಇದು?’ ಅಂದೆ. “ಮನೇಲಿ ತಾತ ಬೇರೆ ಥರ ಹೇಳ್ಕೊಡ್ತಾರೆ. ಮೇಲೆ ಹತ್ತು ಬರುತ್ತೆ, ಕೆಳಗೆ ಒಂದು ಕೂಡ್ಬೇಕು. ನೀವು ಮೇಲೆ ಒಂದು ಹೊಡೆದು ಹಾಕ್ಬೇಕು ಅಂತೀರ. ನಾನು ಎರಡೂ ಮಾಡ್ತೀನಿ. ಆಗ ಯಾರೂ ಬೈಯಲ್ಲ.”

15ರ ಗುಟ್ಟು ಇದು. ತಾತನ ವಿಧಾನದಲ್ಲಿ ಮೇಲಿನ 2 ಹನ್ನೆರಡಾಗುತ್ತದೆ, 5 ಹಾಗೇ ಇರುತ್ತದೆ, ಕೆಳಗಿನ 2 ಮೂರಾಗುತ್ತದೆ. ಐದರಲ್ಲಿ ಮೂರು ಹೋದರೆ ಎರಡು, ಉತ್ತರ 25. ಶಾಲೆಯ ವಿಧಾನದಲ್ಲಿ ಮೇಲಿನ 5 ನಾಲ್ಕಾಗುತ್ತದೆ, ಕೆಳಗಿನ 2 ಹಾಗೇ ಇರುತ್ತದೆ. ನಾಲ್ಕರಲ್ಲಿ ಎರಡು ಹೋದರೆ ಎರಡು, ಉತ್ತರ ಅದೇ 25. ಪುಟ್ಟಿ ಐದನ್ನು ನಾಲ್ಕೂ ಮಾಡಿದಳು, ಎರಡನ್ನು ಮೂರೂ ಮಾಡಿದಳು. ನಾಲ್ಕರಲ್ಲಿ ಮೂರು ಹೋದರೆ ಒಂದು. ಹತ್ತು ಎರಡು ಸಲ ಹೋಯಿತು.

ಇದಕ್ಕೆ ಇನ್ನೊಂದು ಕಾರಣವೂ ಹೊರಬಿತ್ತು. ಪಕ್ಕದ ಬೀದಿಯಲ್ಲಿ ಅವಳು ಸ್ವಲ್ಪ ಕಾಲ ಟ್ಯೂಷನ್ನಿಗೆ ಹೋಗಿದ್ದಳು. ಅಲ್ಲಿ ‘ಪಕ್ಕದ ಮನೆಯಿಂದ ಸಾಲ ತಗೋಬೇಕು’ ಅಂತ ಕಲಿಸಿದ್ದರು. ನಮ್ಮಲ್ಲಿ ಎಲ್ಲರೂ ಹೇಳುವ ಕಥೆಯೇ ಅದು. “ಸಾಲ ತಗೊಂಡ್ಮೇಲೆ ತೀರಿಸ್ಬೇಕಲ್ವಾ ಮಿಸ್? ತಾತ ಕೆಳಗೆ ತೀರಿಸ್ತಾರೆ.” ಒಂಬತ್ತು ವರ್ಷದ ಮಗುವಿನ ಈ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಸಾಲದ ಕಥೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಒಂದು ಸಾಲ ಕೇಳಿದರೆ ಹತ್ತು ಹೇಗೆ ಬಂತು? ಯಾಕೆ ಯಾರೂ ವಾಪಸ್ ಕೇಳಲ್ಲ? ಕಥೆ ಹಂತವನ್ನು ನೆನಪಿನಲ್ಲಿ ಇಡಿಸುತ್ತದೆ, ಕಾರಣ ಹೇಳುವುದಿಲ್ಲ.

ಇನ್ನು ಮೂರನೇ ಉತ್ತರ. ಪುಟ್ಟಿಯ ಅಜ್ಜಿ ಹೂ ಕಟ್ಟಿ ಸಂಜೆ ಬಸ್ ಸ್ಟಾಪ್ ಹತ್ತಿರ ಮಾರುತ್ತಾರೆ. ಬೆಳಗ್ಗೆ ದೇವರಾಜ ಮಾರುಕಟ್ಟೆಯಿಂದ ಬಿಡಿ ಹೂ ತರುತ್ತಾರೆ, ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ರಜೆಯಲ್ಲಿ ಪುಟ್ಟಿಯೂ ಜೊತೆಗೆ ಕೂರುತ್ತಾಳೆ. ನಾನು ಕೇಳಿದೆ: “ಹೂವು ಇಪ್ಪತ್ತೇಳು ರೂಪಾಯಿ ಆಯ್ತು. ಐವತ್ತರ ನೋಟು, ಮೇಲೆ ಎರಡು ರೂಪಾಯಿ ಚಿಲ್ಲರೆ ಕೊಟ್ರು. ಎಷ್ಟು ವಾಪಸ್ ಕೊಡ್ತೀಯ?”

“ಇಪ್ಪತ್ತೈದು.”

“ಹೇಗೆ?”

“ಇಪ್ಪತ್ತೇಳಕ್ಕೆ ಮೂರು ಹಾಕಿದ್ರೆ ಮೂವತ್ತು. ಇಪ್ಪತ್ತು ಹಾಕಿದ್ರೆ ಐವತ್ತು. ಎರಡು ಅವರೇ ಜಾಸ್ತಿ ಕೊಟ್ಟಿದ್ದಾರಲ್ಲ.”

ಇದೇ 52 − 27 ಅಂತ ಅವಳಿಗೆ ಗೊತ್ತಿರಲಿಲ್ಲ. ಪುಸ್ತಕ ತೆಗೆದು ತೋರಿಸಿದಾಗ ನಂಬಲೂ ಇಲ್ಲ. “ಅದು ಲೆಕ್ಕ ಮಿಸ್, ಇದು ಚಿಲ್ಲರೆ” ಅಂದಳು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಜೊತೆಗಾರರ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ವ್ಯಾಪಾರದ ಲೆಕ್ಕವನ್ನು ತಲೆಯಲ್ಲೇ ಸರಿಯಾಗಿ ಮಾಡುವ ಮಕ್ಕಳು ಶಾಲೆಯ ರೀತಿಯಲ್ಲಿ ಬರೆದು ಕೊಟ್ಟ ಲೆಕ್ಕದಲ್ಲಿ ಎಡವುತ್ತಿದ್ದರು. ಶಾಲೆಗೆ ಮಾತ್ರ ಹೋಗುವ ಮಕ್ಕಳದ್ದು ಉಲ್ಟಾ. ಪುಟ್ಟಿಯ ತಲೆಯಲ್ಲಿ ಎರಡೂ ಲೋಕ ಇದ್ದವು. ನಡುವೆ ಬಾಗಿಲು ಇರಲಿಲ್ಲ.

ಬುಡ ಎಲ್ಲಿ ಸಡಿಲ ಇದೆ ಅಂತ ನೋಡಲು ಇನ್ನೊಂದು ಪರೀಕ್ಷೆ ಮಾಡಿದೆ. ಹದಿನಾರು ಕಡ್ಡಿ ಎಣಿಸಿ ಇಡಿಸಿದೆ. ಕಾಗದದ ಮೇಲೆ 16 ಅಂತ ಬರೆಸಿದೆ. 6ರ ಮೇಲೆ ಬೆರಳಿಟ್ಟು ‘ಇದು ಯಾವ ಕಡ್ಡಿಗಳು ತೋರಿಸು’ ಅಂದೆ. ಆರು ಕಡ್ಡಿ ಬೇರೆ ಮಾಡಿದಳು. 1ರ ಮೇಲೆ ಬೆರಳಿಟ್ಟೆ. ಒಂದು ಕಡ್ಡಿ ಎತ್ತಿದಳು. ಇನ್ನೂ ಒಂಬತ್ತು ಉಳಿದಿದ್ದವು. ‘ಇವು?’ ಅಂದೆ. ಸ್ವಲ್ಪ ಹೊತ್ತು ನೋಡಿ ಹೇಳಿದಳು, “ಅವು ಸುಮ್ನೆ ಇವೆ ಮಿಸ್.”

‘ಒಂದು ಹತ್ತು, ಆರು ಬಿಡಿ’ ಅಂತ ಸ್ಥಾನಬೆಲೆ ಬಾಯಿಪಾಠ ಹೇಳುವುದರಲ್ಲಿ ಅವಳು ಎಂದೂ ತಪ್ಪಿದ್ದಿಲ್ಲ. ಆ ಒಂದರ ಒಳಗೆ ಹತ್ತು ಇದೆ ಅನ್ನೋದು ಮಾತ್ರ ಅವಳ ಪಾಲಿಗೆ ಇರಲಿಲ್ಲ. ಅದಿಲ್ಲದೆ ಐದನ್ನು ಹೊಡೆದು ನಾಲ್ಕು ಮಾಡುವುದು ಬರೀ ಶಾಸ್ತ್ರ.

ನಲಿ-ಕಲಿ ಬಗ್ಗೆ ಇಲ್ಲಿ ಎರಡು ಮಾತು. 1995ರಲ್ಲಿ ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ ಶುರುವಾದ ಪದ್ಧತಿ ಅದು. ಒಂದರಿಂದ ಮೂರನೇ ತರಗತಿಯವರೆಗೆ ಕಾರ್ಡು, ಕಲಿಕಾ ಏಣಿ, ಗುಂಪು, ಮಗು ತನ್ನ ವೇಗದಲ್ಲಿ ಹತ್ತುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಟ, ಒಂದೇ ದಿನ. ಏಣಿಯ ನಡುವೆ ಒಂದು ಮೆಟ್ಟಿಲು ಬಿಟ್ಟುಹೋಗಿದ್ದರೆ ಅದು ಗೊತ್ತಾಗುವುದು ಇಲ್ಲಿ. ಚಿಕ್ಕ ತರಗತಿಗಳಲ್ಲೇ ಓದು, ಲೆಕ್ಕದ ಬುನಾದಿ ಗಟ್ಟಿ ಮಾಡಲು ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯ ಗುರಿಯ ಪ್ರಕಾರ 99ರವರೆಗಿನ ಸಂಖ್ಯೆಗಳನ್ನು ಕಳೆಯುವುದು ಎರಡನೇ ತರಗತಿಯ ಕೆಲಸ. ಆ ಲೆಕ್ಕದಲ್ಲಿ ಪುಟ್ಟಿ ಕಾಗದದ ಮೇಲೆ ಹಿಂದೆ ಬಿದ್ದಿದ್ದಳು, ಬಸ್ ಸ್ಟಾಪಿನಲ್ಲಿ ಅಲ್ಲ.

ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ ಇದೆ. ಅದರಲ್ಲಿ ಹತ್ತರ ಪಟ್ಟಿಗಳೂ ಬಿಡಿ ಬಿಲ್ಲೆಗಳೂ ಇವೆ. ಒಳ್ಳೆಯ ಸಾಮಾನೇ. ಆದರೆ ಪುಟ್ಟಿಗೆ ನಾನು ಅದನ್ನು ಮೊದಲಿಗೆ ಕೊಡಲಿಲ್ಲ. ಹತ್ತರ ಪಟ್ಟಿಯನ್ನು ಮುರಿಯಲು ಬರುವುದಿಲ್ಲ. ಅದನ್ನು ಕೊಟ್ಟು ಹತ್ತು ಬಿಲ್ಲೆ ಬದಲಿಗೆ ಪಡೆಯಬೇಕು. ‘ಇದು ಅದಕ್ಕೆ ಸಮ’ ಅಂತ ಒಪ್ಪಿಕೊಂಡ ಮಗುವಿಗೆ ಅದು ಸರಿ. ಒಪ್ಪದ ಮಗುವಿಗೆ ಬಿಚ್ಚಲು ಬರುವಂಥದ್ದು ಬೇಕು. ಅವಳ ಕೇರಿಯಲ್ಲಿ ಮನೆಯಲ್ಲೇ ಊದುಬತ್ತಿ ಹೊಸೆಯುವವರಿದ್ದಾರೆ. ಅಲ್ಲಿಂದ ಒಂದು ಹಿಡಿ ಬಿದಿರು ಕಡ್ಡಿ ತರಿಸಿದೆ, ಜೊತೆಗೆ ರಬ್ಬರ್ ಬ್ಯಾಂಡ್. ಕಟ್ಟುಗಳನ್ನು ಅವಳೇ ಎಣಿಸಿ ಕಟ್ಟಿದಳು. ಕಟ್ಟಿ ಕೊಟ್ಟಿದ್ದರೆ ಒಳಗೆ ಹತ್ತಿದೆ ಅನ್ನೋದು ಮತ್ತೆ ನನ್ನ ಮಾತೇ ಆಗುತ್ತಿತ್ತು.

ಐದು ಕಟ್ಟು, ಎರಡು ಬಿಡಿ. “ನನಗೆ ಇಪ್ಪತ್ತೇಳು ಕೊಡು” ಅಂದೆ. ಎರಡು ಕಟ್ಟು ಕೊಟ್ಟಳು. ಬಿಡಿ ಎರಡನ್ನೂ ಕೊಟ್ಟಳು. ಇನ್ನೂ ಐದು ಬೇಕು. ಕೈ ರಬ್ಬರ್ ಬ್ಯಾಂಡಿನ ಹತ್ತಿರ ಹೋಗಿ ನಿಂತಿತು.

“ಬಿಚ್ಚಬಹುದಾ ಮಿಸ್?”

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಈ ಪ್ರಶ್ನೆ. ಕಟ್ಟಿದ ಹತ್ತನ್ನು ಬಿಚ್ಚಲು ಅನುಮತಿ ಇದೆಯಾ ಅಂತ ಅವಳಿಗೆ ಗೊತ್ತಿರಲಿಲ್ಲ. ಹತ್ತು ಮಾಡುವುದನ್ನು ನಾವು ಕೂಡುವ ಲೆಕ್ಕದಲ್ಲಿ ಬೇಕಾದಷ್ಟು ಮಾಡಿಸುತ್ತೇವೆ. ಬಿಚ್ಚುವುದನ್ನು ಒಂದು ಪ್ರತ್ಯೇಕ ಕೆಲಸವಾಗಿ ಮಾಡಿಸುವುದೇ ಕಡಿಮೆ. ಅದಾದ ಮೇಲೆ ಸ್ವಲ್ಪ ದಿನ ಕಳೆಯುವ ಲೆಕ್ಕವನ್ನೇ ಬಿಟ್ಟು ಒಂದೇ ಆಟ ಆಡಿದೆವು. 52 ಅನ್ನು ಎಷ್ಟು ಥರ ಇಡಬಹುದು? ಐದು ಕಟ್ಟು ಎರಡು ಬಿಡಿ. ನಾಲ್ಕು ಕಟ್ಟು ಹನ್ನೆರಡು ಬಿಡಿ. ಮೂರು ಕಟ್ಟು ಇಪ್ಪತ್ತೆರಡು ಬಿಡಿ. ಪ್ರತಿ ಸಲ ‘ಈಗ ಎಷ್ಟಿದೆ?’ ಅಂತ ಕೇಳುತ್ತಿದ್ದೆ. ಮೊದಮೊದಲು ಒಂದರಿಂದ ಎಣಿಸುತ್ತಿದ್ದಳು. ಆಮೇಲೊಂದು ದಿನ ‘ಅಷ್ಟೇ ಇದೆಯಲ್ಲ ಮಿಸ್, ಎಲ್ಲಿಗೆ ಹೋಗುತ್ತೆ?’ ಅಂದಳು.

ಇಷ್ಟಾದರೂ ನೋಟ್‌ಬುಕ್ ತೆಗೆದರೆ ಮತ್ತೆ 35! ಕಡ್ಡಿಯಲ್ಲಿ 25, ಕಾಗದದಲ್ಲಿ 35. ಕಡ್ಡಿ, ಗೋಲಿ, ಮಣಿ ಕೊಟ್ಟರೆ ಗಣಿತ ಬಂದುಬಿಡುತ್ತದೆ ಅಂತ ನಂಬುವವರು ಈ ಜಾಗದಲ್ಲಿ ನಿರಾಸೆಗೊಳ್ಳುತ್ತಾರೆ. ಕೈ ಕಲಿತದ್ದು ತಾನಾಗಿಯೇ ಪೆನ್ಸಿಲ್ಲಿಗೆ ಇಳಿಯುವುದಿಲ್ಲ. ಅದಕ್ಕೆ ಒಂದು ಷರತ್ತು ಹಾಕಿದೆ: ಕೈ ಏನು ಮಾಡುತ್ತದೋ ಪೆನ್ಸಿಲ್ ಅದನ್ನು ಆ ಕ್ಷಣವೇ ಬರೆಯಬೇಕು. ಒಂದು ಕಟ್ಟು ಬಿಚ್ಚಿದೆಯಾ? 5 ಹೊಡೆದು 4 ಬರಿ. ಬಿಡಿ ಎಷ್ಟಾಯಿತು? 2ರ ಮೇಲೆ 12 ಬರಿ. ಅವಳ ಪಕ್ಕದ ಹುಡುಗನನ್ನು ಜೊತೆಗೆ ಹಾಕಿದೆ. ಒಬ್ಬರು ಕಡ್ಡಿ, ಒಬ್ಬರು ಪೆನ್ಸಿಲ್, ಆಮೇಲೆ ಅದಲು ಬದಲು. ಪೆನ್ಸಿಲ್ ಮುಂದೆ ಓಡಿದರೆ ಕಡ್ಡಿಯವರು ತಡೆಯಬೇಕು. ಅವರಿಬ್ಬರ ಜಗಳದಲ್ಲಿ ನನಗಿಂತ ಚೆನ್ನಾಗಿ ಪಾಠ ನಡೆಯಿತು.

ಹೀಗೆ ಕೂಡಿ ನಡೆದ ಮೇಲೆ ಕಡ್ಡಿಯ ಮೇಲೆ ಬಟ್ಟೆ ಮುಚ್ಚಿದೆ. ಒಳಗೆ ಏನಿದೆ ಅಂತ ಊಹಿಸಿ ಬರೆಯಬೇಕು, ತೆಗೆದು ನೋಡಬಹುದು. ಆಮೇಲೆ ಕಡ್ಡಿ ಬದಲು ಗೀಟು, ಚುಕ್ಕಿ. ಕೊನೆಗೆ ಬರೀ ಅಂಕಿ. ಒಂದು ಹಂತದಲ್ಲಿ ತಪ್ಪಿದರೆ ಹಿಂದಿನ ಹಂತಕ್ಕೆ ಹೋಗುವುದು. ನಾಚಿಕೆಯ ಮಾತೇ ಇಲ್ಲ.

ಇನ್ನೊಂದು ಕೊರತೆ ಮಧ್ಯದಲ್ಲಿ ಸಿಕ್ಕಿತು. ಹನ್ನೆರಡರಲ್ಲಿ ಏಳು ಹೋದರೆ ಎಷ್ಟು ಅನ್ನೋದಕ್ಕೆ ಅವಳು ಬೆರಳು ಮಡಚುತ್ತಿದ್ದಳು. ಎಣಿಸಿ ಮುಗಿಸುವಷ್ಟರಲ್ಲಿ ಐದನ್ನು ನಾಲ್ಕು ಮಾಡಿದ್ದು ಮರೆತೇ ಹೋಗುತ್ತಿತ್ತು. ಇದಕ್ಕೆ ಮನೆಯೇ ಸರಿಯಾದ ಜಾಗ. ಅವಳ ತಾಯಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವುದು ಸಂಜೆ. ಬಂದ ಮೇಲೆ ಅಡುಗೆ. ಅವರಿಗೆ ‘ದಿನಾ ಒಂದು ಗಂಟೆ ಕೂರಿಸಿಕೊಳ್ಳಿ’ ಅನ್ನುವುದು ಅನ್ಯಾಯ. ಮನೆಯಲ್ಲಿ ಚೌಕಾಬಾರ ಇತ್ತು, ನಾಲ್ಕು ಕವಡೆಯದ್ದು. ನಾಲ್ಕೂ ಮೇಲೆ ಮುಖ ಮಾಡಿದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ‘ಇನ್ನೆಷ್ಟು ಬಿದ್ರೆ ಕಾಯಿ ಹಣ್ಣಾಗುತ್ತೆ?’ ಅಂತ ಎಸೆಯುವ ಮೊದಲು ಕೇಳಿ ಅಂದೆ. ಅಷ್ಟೇ. ಇನ್ನೊಂದು, ಅಡುಗೆ ಮಾಡುತ್ತಲೇ ‘ಹತ್ತಕ್ಕೆ ಜೊತೆ’ ಕೇಳುವುದು. ತಾಯಿ ‘ಏಳು’ ಅಂದರೆ ಮಗಳು ‘ಮೂರು’ ಅನ್ನಬೇಕು. ಇದು ಬಾಯಿಗೆ ಬಂದರೆ ಹನ್ನೆರಡರಲ್ಲಿ ಏಳು ಕಳೆಯುವುದು ಸುಲಭ. ಹತ್ತರಲ್ಲಿ ಏಳು ಹೋದರೆ ಮೂರು, ಮೇಲಿನ ಎರಡು ಸೇರಿದರೆ ಐದು.

ತಾತನ ಹತ್ತಿರ ಮಾತಾಡುವುದು ಸೂಕ್ಷ್ಮದ ಕೆಲಸ. ಅವರು ಹಾಲಿನ ಸಂಘದಲ್ಲಿ ಲೆಕ್ಕ ಬರೆದವರು. “ನಮ್ಮ ಮೇಷ್ಟ್ರು ಹೇಳ್ಕೊಟ್ಟಿದ್ದು ಕಣವ್ವ. ಇಷ್ಟು ವರ್ಷ ಒಂದು ರೂಪಾಯಿ ಆಚೀಚೆ ಆಗಿಲ್ಲ. ಈಗ ತಪ್ಪು ಅಂತೀರಾ?” ತಪ್ಪು ಅಲ್ಲವೇ ಅಲ್ಲ ಅಂದೆ. ಎರಡು ಸಂಖ್ಯೆಗೂ ಅಷ್ಟಷ್ಟೇ ಸೇರಿಸಿದರೆ ನಡುವಿನ ಅಂತರ ಬದಲಾಗುವುದಿಲ್ಲ. ಅವರು ಮೇಲೆ ಹತ್ತು ಬಿಡಿ ಸೇರಿಸುತ್ತಾರೆ, ಕೆಳಗೆ ಒಂದು ಹತ್ತು ಸೇರಿಸುತ್ತಾರೆ. “ನಿಮಗೆ 68, ಮೊಮ್ಮಗಳಿಗೆ 9. ಅಂತರ 59. ಇನ್ನು ಹತ್ತು ವರ್ಷಕ್ಕೆ ನಿಮಗೆ 78, ಅವಳಿಗೆ 19. ಅಂತರ?” ತಾತ ನಕ್ಕರು. ಕಾರಣ ಅವರಿಗೂ ಯಾರೂ ಹೇಳಿರಲಿಲ್ಲವಂತೆ. ಒಂದು ಒಪ್ಪಂದ ಆಯಿತು. ಕಡ್ಡಿಯ ವಿಧಾನ ಗಟ್ಟಿಯಾಗುವ ತನಕ ಅವರು ತಮ್ಮದನ್ನು ಹೇಳಿಕೊಡುವುದಿಲ್ಲ. ಗಟ್ಟಿಯಾದ ಮೇಲೆ ಅವರದ್ದನ್ನೂ ಶಾಲೆಯಲ್ಲಿ ನಾನು ಒಪ್ಪಬೇಕು.

ಅಜ್ಜಿಗೆ ಹೇಳಿಕೊಡುವಂಥದ್ದು ಏನೂ ಇರಲಿಲ್ಲ. ಚಿಲ್ಲರೆ ಎಣಿಸುವಾಗ ಪುಟ್ಟಿ ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ಗೆರೆ ಎಳೆದು, 27ರಿಂದ 30ಕ್ಕೆ, 50ಕ್ಕೆ, 52ಕ್ಕೆ ಹಾರುವುದನ್ನು ಬಿಲ್ಲಿನ ಹಾಗೆ ಬರೆದು ತರಬೇಕಿತ್ತು. ಆ ಹಾಳೆಯನ್ನೂ ಕಡ್ಡಿಯ ಲೆಕ್ಕವನ್ನೂ ಒಂದರ ಪಕ್ಕ ಒಂದು ಇಟ್ಟೆವು. ‘ಅದು ಲೆಕ್ಕ, ಇದು ಚಿಲ್ಲರೆ’ ಅನ್ನುವ ಮಾತು ಆಮೇಲೆ ಕೇಳಿಬರಲಿಲ್ಲ.

ಇದರ ನಡುವೆ ಇಡೀ ತರಗತಿಗೆ ಒಂದು ಚಿಕ್ಕ ಪರೀಕ್ಷೆ ಕೊಟ್ಟೆ. ಬೇರೆ ಶಿಕ್ಷಕರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. 40 − 16 ಅನ್ನುವ ಒಂದೇ ಲೆಕ್ಕ ಎಷ್ಟೋ ಹೇಳುತ್ತದೆ. 36 ಬರೆದ ಮಗು ದೊಡ್ಡದರಲ್ಲಿ ಚಿಕ್ಕದು ಕಳೆಯುತ್ತಿದೆ. 30 ಬರೆದ ಮಗು ಸೊನ್ನೆಯಲ್ಲಿ ಆರು ಹೋಗದು, ಆದ್ದರಿಂದ ಸೊನ್ನೆ ಅನ್ನುತ್ತಿದೆ. 34 ಬರೆದ ಮಗು ಹತ್ತು ತಂದಿದೆ, ತಂದ ಕಡೆ ಕಡಿಮೆ ಮಾಡಿಲ್ಲ. 14 ಬರೆದರೆ ಪುಟ್ಟಿಯ ಹಾಗೆ ಎರಡೂ ಕಡೆ ಕೈ ಹಾಕಿದೆ. ನಾಲ್ಕಕ್ಕೂ ಒಂದೇ ಕೆಂಪು ಇಂಟು ಗುರುತು ಹಾಕಿದರೆ ಈ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ನನ್ನ ತರಗತಿಯಲ್ಲಿ 36 ಜಾಸ್ತಿ ಇತ್ತು. 14 ಬಂದದ್ದು ಪುಟ್ಟಿಯಿಂದ ಮಾತ್ರ.

ದಸರಾ ರಜೆ ಬಂತು. ಆಯುಧ ಪೂಜೆಗೆ ಹೂವಿನ ವ್ಯಾಪಾರ ಜೋರು. ಪುಟ್ಟಿ ದಿನವಿಡೀ ಅಜ್ಜಿ ಜೊತೆ ಇದ್ದಳಂತೆ. ರಜೆ ಮುಗಿದು ಬಂದಾಗ ಬಾಯಿ ಲೆಕ್ಕ ಮೊದಲಿಗಿಂತ ಚುರುಕು. ಕಾಗದದಲ್ಲಿ ಮೊದಲ ದಿನವೇ 71 − 36 = 45! ಹಳೆ ನಿಯಮ ಇನ್ನೂ ಒಳಗೆ ಕೂತಿತ್ತು. ಈ ಸಲ ಕಡ್ಡಿ ತೆಗೆಯಬೇಕಾಗಲಿಲ್ಲ. ‘ಚಿಲ್ಲರೆ ಹಾಕಿ ನೋಡು’ ಅಂದಿದ್ದೇ ತಡ, 36ರಿಂದ 40, 70, 71 ಅಂತ ಹಾರಿ 35 ಅಂದಳು. ತನ್ನ 45 ನೋಡಿ ತಾನೇ ಹೊಡೆದು ಹಾಕಿದಳು.

ಮೂರಂಕಿಯಲ್ಲಿ, ಅದರಲ್ಲೂ ಸೊನ್ನೆ ಬಂದಾಗ ಮತ್ತೆ ತೊಡಕು. 203 − 68 = 265 ಅಂತ ಬರೆದಿದ್ದಳು. ಇನ್ನೂರಮೂರು ಕಡ್ಡಿಯಲ್ಲಿ ಕೊಟ್ಟ ಮೇಲೆ ಜಾಸ್ತಿ ಹೇಗಾಯಿತು ಅಂತ ಕೇಳಿದಾಗ ಕಣ್ಣರಳಿಸಿದಳು. ಉತ್ತರವನ್ನು ಒಮ್ಮೆ ಮೊದಲ ಸಂಖ್ಯೆಯ ಜೊತೆ ಇಟ್ಟು ನೋಡುವ ಅಭ್ಯಾಸ ಅಲ್ಲಿಂದ ಶುರುವಾಯಿತು. ಹತ್ತು ಕಟ್ಟುಗಳನ್ನು ಸೇರಿಸಿ ನೂರರ ದೊಡ್ಡ ಕಟ್ಟು ಮಾಡಿದೆವು. ಅದನ್ನು ಬಿಚ್ಚಿದರೆ ಹತ್ತು ಕಟ್ಟು, ಅದರಲ್ಲೊಂದು ಬಿಚ್ಚಿದರೆ ಬಿಡಿ ಹದಿಮೂರು. ಒಂದು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿ. ಮಾಡುತ್ತಾಳೆ, ಆದರೆ ಇಷ್ಟವಿಲ್ಲ. ಸೊನ್ನೆ ಕಂಡರೆ ಅಜ್ಜಿಯ ದಾರಿ ಹಿಡಿಯುತ್ತಾಳೆ: 68ಕ್ಕೆ 2, ಆಮೇಲೆ 30, ಆಮೇಲೆ 103. ಒಟ್ಟು 135. ಪರೀಕ್ಷೆಯಲ್ಲಿ ದಶಕ ತೆಗೆದದ್ದು ತೋರಿಸಬೇಕು, ಇದಕ್ಕೆ ಅಂಕ ಕೊಡುವುದು ಹೇಗೆ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಹೇಗೆ ಬಂತು ಅಂತ ಮಗು ವಿವರಿಸಿದರೆ ಪೂರ್ತಿ ಅಂಕ ಕೊಡುತ್ತೇನೆ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಸಂಕ್ರಾಂತಿ ಹೊತ್ತಿಗೆ ತಾತನ ಜೊತೆಗಿನ ಒಪ್ಪಂದವೂ ಪೂರೈಸಿತು. ಪುಟ್ಟಿ ಒಂದೇ ಲೆಕ್ಕವನ್ನು ಬೋರ್ಡಿನ ಮೇಲೆ ಮೂರು ಥರ ಮಾಡಿ ತೋರಿಸಿದಳು. ತಾತನ ವಿಧಾನಕ್ಕೆ ವಯಸ್ಸಿನ ಉದಾಹರಣೆಯನ್ನೇ ಕೊಟ್ಟಳು. ಎರಡು ಅಂಕಿಯ ಲೆಕ್ಕದಲ್ಲಿ ಈಗ 15, 35 ಎರಡೂ ಬರುವುದಿಲ್ಲ.

ಬಾಕಿ ಇರುವುದು ಮಾತಿನ ಲೆಕ್ಕ. ‘ಒಬ್ಬನ ಬಳಿ 34 ಗೋಲಿ ಇವೆ, ಅದು ಗೆಳೆಯನ ಬಳಿ ಇರುವುದಕ್ಕಿಂತ 9 ಜಾಸ್ತಿ, ಗೆಳೆಯನ ಬಳಿ ಎಷ್ಟು?’ ಅಂದರೆ 43 ಬರೆಯುತ್ತಾಳೆ. ‘ಜಾಸ್ತಿ ಅಂದ್ರೆ ಕೂಡ್ಬೇಕು’ ಅನ್ನುವುದು ಇನ್ನೊಂದು ಹಳೆ ನಿಯಮ. ಸದ್ಯಕ್ಕೆ ಲೆಕ್ಕ ಮಾಡಿಸುವುದನ್ನೇ ನಿಲ್ಲಿಸಿದ್ದೇನೆ. ಓದಿ, ಯಾರ ಹತ್ತಿರ ಹೆಚ್ಚಿದೆ ಅಂತ ಒಂದು ಉದ್ದ, ಒಂದು ಗಿಡ್ಡ, ಹೀಗೆ ಎರಡು ಪಟ್ಟಿ ಎಳೆದು ತೋರಿಸಿದರೆ ಸಾಕು. ಯಾವ ಪಟ್ಟಿ ಉದ್ದ ಅನ್ನೋದರಲ್ಲಿ ಅವಳು ಈಗೀಗ ಸರಿ ಹೇಳುತ್ತಿದ್ದಾಳೆ.